ಬಂದವನು, ಬಂದದ್ದು, ಬಂದಾಗ

ಹತ್ತನೆಯ ತರಗತಿಯ ಇಂಗ್ಲಿಷ್ ವ್ಯಾಕರಣದಲ್ಲಿ ಮಕ್ಕಳಿಗೆ ಹೆಚ್ಚು ತೊಡಕಾಗುವುದು ವಾಕ್ಯ ಪರಿವರ್ತನೆ. ಈ ಪದಗುಚ್ಛವನ್ನು ಉಪವಾಕ್ಯ ಮಾಡು, ಈ ಸಾಮಾನ್ಯ ವಾಕ್ಯವನ್ನು ಮಿಶ್ರವಾಕ್ಯ ಮಾಡು ಎಂದು ಪ್ರಶ್ನೆ ಇರುತ್ತದೆ. ರೆನ್ ಮತ್ತು ಮಾರ್ಟಿನ್ ಅವರ ವ್ಯಾಕರಣ ಪುಸ್ತಕ 1930ರ ದಶಕದಲ್ಲಿ ಬಂದಾಗಿನಿಂದ ನಮ್ಮ ದೇಶದ ಶಾಲೆಗಳಲ್ಲಿ ಈ ಅಭ್ಯಾಸ ನಿಂತಿಲ್ಲ. ಪುಸ್ತಕದಲ್ಲಿ ಎರಡೆರಡು ಮಾದರಿ ಇರುತ್ತವೆ, ಕೆಳಗೆ ಇಪ್ಪತ್ತು ವಾಕ್ಯಗಳು. ಮಾದರಿ ನೋಡಿ ಮಾಡು ಎಂಬುದೇ ಪಾಠ. ಮಾದರಿ ಕೈಕೊಟ್ಟ ಕಡೆ ಮಗು ನಿಂತುಬಿಡುತ್ತದೆ. ಆ ಮಗುವಿಗೆ ಈ ಕೆಲಸ ಮನೆಯಲ್ಲಿ, ತನ್ನ ಮಾತಿನಲ್ಲಿ, ಐದನೆಯ ವಯಸ್ಸಿಗೇ ಬಂದಿತ್ತು ಎಂದು ಅದಕ್ಕೆ ಯಾರೂ ಹೇಳಿರುವುದಿಲ್ಲ. ಅದನ್ನು ಹೇಳಬೇಕೆಂದೇ ಈ ಲೇಖನ.

ಇದಕ್ಕೆ ನಾನು ಪಾಲಮಲೆಯ ತಪ್ಪಲನ್ನು ಆರಿಸಿಕೊಂಡಿದ್ದೇನೆ. ಪಾಲಮಲೆ ಇರುವುದು ಸೇಲಂ ಜಿಲ್ಲೆಯ ಮೆಟ್ಟೂರು ತಾಲ್ಲೂಕಿನಲ್ಲಿ, ಮೆಟ್ಟೂರು ಅಣೆಕಟ್ಟೆಯ ಸ್ಟಾನ್ಲಿ ಜಲಾಶಯದ ಪಡುವಣ ಬದಿಗೆ. ಬೆಟ್ಟದ ಮೇಲೆ ಸಿದ್ಧೇಶ್ವರನ ಗುಡಿ. ಕೆಳಗೆ ಕೊಳತ್ತೂರು, ಗೋವಿಂದಪಾಡಿ. ಈ ಊರುಗಳ ದಾರಿ ಹಿಡಿದು ಮುಂದೆ ಹೋದರೆ ಪಾಲಾರ್ ಹೊಳೆ, ದಾಟಿದರೆ ಕರ್ನಾಟಕ, ಮಲೆ ಮಹದೇಶ್ವರ ಬೆಟ್ಟ. ಸೇಲಂನಿಂದ 1965ರಲ್ಲಿ ಧರ್ಮಪುರಿ ಜಿಲ್ಲೆ ಬೇರೆಯಾಯಿತು, ಧರ್ಮಪುರಿಯಿಂದ 2004ರಲ್ಲಿ ಕೃಷ್ಣಗಿರಿ. ಅದಕ್ಕೂ ಹಿಂದೆ, 1792ರ ಶ್ರೀರಂಗಪಟ್ಟಣದ ಒಪ್ಪಂದದ ತನಕ, ಬಾರಾಮಹಲ್ ಎಂದು ಕರೆಸಿಕೊಳ್ಳುತ್ತಿದ್ದ ಧರ್ಮಪುರಿ ಕಡೆಯ ಸೀಮೆ ಮೈಸೂರಿನ ಆಳ್ವಿಕೆಯಲ್ಲಿತ್ತು. ಇನ್ನೂ ಹಿಂದೆ ಹೋದರೆ ಧರ್ಮಪುರಿಗೆ ತಗಡೂರೆಂದು ಹೆಸರು. ನೊಳಂಬರ ಕಾಲದ ಕನ್ನಡ ಶಾಸನಗಳು ಅಲ್ಲಿ ದೊರೆತಿವೆ. ಗಡಿ ಎಷ್ಟು ಸಲ ಸರಿದರೂ ಇಲ್ಲಿನ ಲಿಂಗಾಯತ, ಒಕ್ಕಲಿಗ ಮನೆಗಳಲ್ಲಿ, ಸೇಲಂನ ದೇವಾಂಗ ನೇಕಾರರ ಮನೆಗಳಲ್ಲಿ ಕನ್ನಡ ಉಳಿದುಕೊಂಡು ಬಂದಿದೆ. 2011ರ ಜನಗಣತಿಯಂತೆ ತಮಿಳುನಾಡಿನಲ್ಲಿ ಕನ್ನಡ ತಾಯ್ನುಡಿಯವರು 12 ಲಕ್ಷಕ್ಕೂ ಹೆಚ್ಚು.

ಈ ಮಕ್ಕಳ ದಿನ ಮೂರು ಭಾಷೆಗಳಲ್ಲಿ ಸಾಗುತ್ತದೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮತ್ತು ಪೇಟೆಯಲ್ಲಿ ತಮಿಳು, ಪುಸ್ತಕದಲ್ಲಿ ಇಂಗ್ಲಿಷ್. ಧರ್ಮಪುರಿಯಿಂದ ಹೊಸೂರಿನ ಕಡೆಗೆ ಹೋದಂತೆ ತೆಲುಗೂ ಸೇರಿಕೊಳ್ಳುತ್ತದೆ. ಹೊರಗಿನವರು ಇದನ್ನು ಮಕ್ಕಳ ತಲೆಯ ಮೇಲಿನ ಹೊರೆ ಎಂದು ನೋಡುತ್ತಾರೆ. ವ್ಯಾಕರಣದ ಈ ಒಂದು ಪಾಠದ ಮಟ್ಟಿಗಂತೂ ಅದು ಹೊರೆಯಲ್ಲ, ಬಂಡವಾಳ.

ಮೊದಲು ಪದಗುಚ್ಛವೆಂದರೇನು, ಉಪವಾಕ್ಯವೆಂದರೇನು ಎಂಬುದನ್ನು ಬಿಡಿಸಿಕೊಳ್ಳೋಣ. ಇಂಗ್ಲಿಷ್ ಪುಸ್ತಕ ಹೇಳುವುದು ಇಷ್ಟು: ಕರ್ತೃವೂ ಪೂರ್ಣ ಕ್ರಿಯಾಪದವೂ ಇದ್ದರೆ ಉಪವಾಕ್ಯ, ಇಲ್ಲದಿದ್ದರೆ ಪದಗುಚ್ಛ. ‘ವಿತ್ ಎ ನೆಟ್’ ಪದಗುಚ್ಛ. ‘ಹೂ ಹ್ಯಾಸ್ ಎ ನೆಟ್’ ಉಪವಾಕ್ಯ. ಮಕ್ಕಳು ಈ ಲಕ್ಷಣವನ್ನು ಬಾಯಿಪಾಠ ಒಪ್ಪಿಸುತ್ತಾರೆ. ಆದರೆ ಪೂರ್ಣ ಕ್ರಿಯಾಪದ ಯಾವುದು, ಅಪೂರ್ಣ ಯಾವುದು ಎಂದು ಕೇಳಿದರೆ ಸುಮ್ಮನಾಗುತ್ತಾರೆ. ಇಂಗ್ಲಿಷಿನಲ್ಲಿ ಅದು ಕಣ್ಣಿಗೆ ಸುಲಭವಾಗಿ ಕಾಣುವುದಿಲ್ಲ. ‘ಕಾಟ್’ ಎಂಬ ಒಂದೇ ರೂಪ ‘ಹಿ ಕಾಟ್ ಎ ಫಿಶ್’ ಎಂಬಲ್ಲಿ ಪೂರ್ಣ, ‘ದಿ ಫಿಶ್ ಕಾಟ್ ಯೆಸ್ಟರ್ಡೇ’ ಎಂಬಲ್ಲಿ ಅಪೂರ್ಣ. ಆಡುಗನ್ನಡದಲ್ಲೂ ಇದೇ ಕಷ್ಟ. ‘ಹುಡುಗ ಬಂದ’ ಎಂದರೆ ವಾಕ್ಯ ಮುಗಿಯಿತು. ‘ಬಂದ ಹುಡುಗ’ ಎಂದರೆ ಇನ್ನೂ ಮುಗಿದಿಲ್ಲ, ಬಂದ ಹುಡುಗ ಏನು ಮಾಡಿದ ಎಂದು ಕೇಳುವವರು ಕಾಯುತ್ತಾರೆ. ‘ಬಂದ’ ಎರಡು ಕಡೆಯೂ ಒಂದೇ.

ಇಲ್ಲಿ ತಮಿಳು ಕೈಹಿಡಿಯುತ್ತದೆ. ತಮಿಳಲ್ಲಿ ‘ಪೈಯನ್ ವಂದಾನ್’ ಎಂದರೆ ಮುಗಿದ ಮಾತು, ‘ವಂದ ಪೈಯನ್’ ಎಂದರೆ ಮುಗಿಯದ ಮಾತು. ಕೊನೆಯ ‘ಆನ್’ ಇದ್ದರೆ ಕ್ರಿಯೆ ಪೂರ್ಣ. ಯಾರು ಬಂದರು, ಗಂಡೋ ಹೆಣ್ಣೋ, ಒಬ್ಬರೋ ಹಲವರೋ ಎಂಬುದು ಆ ಪ್ರತ್ಯಯದಲ್ಲೇ ಇದೆ. ಅದನ್ನು ಕಳಚಿದರೆ ಕ್ರಿಯೆ ಅಪೂರ್ಣವಾಗಿ ಮುಂದಿನ ನಾಮಪದಕ್ಕೆ ಆತುಕೊಳ್ಳುತ್ತದೆ. ಬರಹದ ಕನ್ನಡದ ‘ಬಂದನು’ ಎಂಬಲ್ಲೂ ಇದೇ ಕೆಲಸ ನಡೆಯುತ್ತದೆ, ಮಾತಿನಲ್ಲಿ ಮಾತ್ರ ‘ನು’ ಉದುರಿದೆ. ಮನೆಯಲ್ಲಿ ಕನ್ನಡ ಆಡಿ ಶಾಲೆಯಲ್ಲಿ ತಮಿಳು ಓದುವ ಮಗುವಿಗೆ ‘ವಂದಾನ್’, ‘ವಂದ’ ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿದರೆ ಪೂರ್ಣ, ಅಪೂರ್ಣಗಳ ವ್ಯತ್ಯಾಸ ಹೇಳಿಕೊಡಬೇಕಾಗಿಯೇ ಇಲ್ಲ. ಪದಗುಚ್ಛವನ್ನು ಉಪವಾಕ್ಯ ಮಾಡು ಎಂದರೆ ಇಷ್ಟೇ: ಅಪೂರ್ಣವಾಗಿ ನಿಂತ ಕ್ರಿಯೆಯನ್ನು ಪೂರ್ಣ ಮಾಡು, ಅದಕ್ಕೊಬ್ಬ ಕರ್ತೃವನ್ನು ಕೊಡು, ಕಾಲ ಕೊಡು, ಮುಖ್ಯ ವಾಕ್ಯಕ್ಕೆ ಕೂಡಿಸುವ ಒಂದು ಪದ ಕೊಡು.

ಇನ್ನು ‘ಬಂದ’ ಎಂಬುದನ್ನೇ ಹಿಡಿದು ಸ್ವಲ್ಪ ದೂರ ಹೋಗೋಣ. ‘ಬಂದ ಹುಡುಗ’, ‘ಬಂದವನು’ ಎಂದರೆ ನಾಮಪದಕ್ಕೆ ವಿಶೇಷಣ. ‘ಬಂದದ್ದು’, ‘ಬರುವುದು’ ಎಂದರೆ ಇಡೀ ಕ್ರಿಯೆಯೇ ನಾಮಪದವಾಗಿ ನಿಂತಿತು. ‘ಅವನು ಬಂದದ್ದು ನನಗೆ ಗೊತ್ತಿಲ್ಲ’ ಎನ್ನುತ್ತೇವೆ. ‘ಬಂದಾಗ’, ‘ಬಂದ ಮೇಲೆ’, ‘ಬಂದರೆ’, ‘ಬಂದರೂ’, ‘ಬರುವ ತನಕ’ ಎಂದರೆ ಕ್ರಿಯಾವಿಶೇಷಣ: ಯಾವಾಗ, ಯಾವ ಷರತ್ತಿನ ಮೇಲೆ, ಯಾವುದನ್ನು ಲೆಕ್ಕಿಸದೆ ಎಂಬುದನ್ನು ಹೇಳುತ್ತವೆ. ಇಂಗ್ಲಿಷಿನ ಮೂರು ಬಗೆಯ ಉಪವಾಕ್ಯಗಳೂ ಒಂದೇ ಬೇರಿನಿಂದ ಇಲ್ಲಿ ಎದ್ದು ಬಂದವು. ತಮಿಳಿನ ‘ವಂದ ಪೈಯನ್’, ‘ವಂದದು’, ‘ವಂದಪೋದು’, ತೆಲುಗಿನ ‘ವಚ್ಚಿನ ಅಬ್ಬಾಯಿ’, ‘ವಚ್ಚಿನದಿ’, ‘ವಚ್ಚಿನಪ್ಪುಡು’ ಎಲ್ಲವೂ ಇದೇ ಏರ್ಪಾಡು. ಹೊಸೂರಿನ ಮಗು ಮೂರು ಭಾಷೆಗಳಲ್ಲಿ ಮಾಡುವುದು ಒಂದೇ ಕೆಲಸ.

ನಮ್ಮ ವ್ಯಾಕರಣಕಾರರು ಇದಕ್ಕೆ ಹೆಸರು ಕೊಟ್ಟೂ ಆಗಿದೆ. ಕನ್ನಡ ಶಾಲಾ ವ್ಯಾಕರಣದ ಕೃದಂತ ಪ್ರಕರಣದಲ್ಲಿ ಮೂರು ವಿಭಾಗಗಳಿವೆ: ಕೃದಂತನಾಮ, ಕೃದಂತ ಭಾವನಾಮ, ಕೃದಂತಾವ್ಯಯ. ಮಾಡಿದ, ಮಾಡುವ, ಮಾಡದ ಎಂಬವು ಮೊದಲನೆಯವು. ಮಾಟ, ಮಾಡುವಿಕೆ ಎರಡನೆಯವು. ಮಾಡಿ, ಮಾಡುತ್ತ, ಮಾಡಲು, ಮಾಡದೆ ಎಂಬವು ಮೂರನೆಯವು. ತಮಿಳು ವ್ಯಾಕರಣದಲ್ಲಿ ಪೆಯರೆಚ್ಚಂ, ತೊಳಿರ್ಪೆಯರ್, ವಿನೈಯೆಚ್ಚಂ ಎಂದು ಇವಕ್ಕೆ ಸರಿಸಾಟಿಯಾದ ಮೂರು ಹೆಸರುಗಳಿವೆ. ನಾಮಪದವನ್ನು ಬಯಸಿ ನಿಂತ ಅಪೂರ್ಣ ಕ್ರಿಯೆ ಪೆಯರೆಚ್ಚಂ, ಇನ್ನೊಂದು ಕ್ರಿಯೆಯನ್ನು ಬಯಸಿ ನಿಂತದ್ದು ವಿನೈಯೆಚ್ಚಂ, ಕ್ರಿಯೆಯ ಹೆಸರೇ ಆಗಿ ನಿಂತದ್ದು ತೊಳಿರ್ಪೆಯರ್. ಕೇಶಿರಾಜ ‘ಶಬ್ದಮಣಿದರ್ಪಣ’ ಬರೆದದ್ದು ಸುಮಾರು 1260ರಲ್ಲಿ. ಪವಣಂದಿ ಮುನಿ ತಮಿಳಿನಲ್ಲಿ ‘ನನ್ನೂಲ್’ ಬರೆದದ್ದು ಅದಕ್ಕಿಂತ ತುಸು ಹಿಂದೆ. ಪವಣಂದಿಗೆ ಆಶ್ರಯ ಕೊಟ್ಟವನು ಸೀಯಗಂಗನೆಂಬ ಗಂಗ ಅರಸು. ಇಬ್ಬರು ವ್ಯಾಕರಣಕಾರರೂ ಜೈನರು. ಎಂಟುನೂರು ವರ್ಷಗಳಿಂದ ನಮ್ಮ ಎರಡೂ ಭಾಷೆಗಳ ಶಾಸ್ತ್ರ ಕ್ರಿಯಾಪದದ ಈ ಒಳಗೆಲಸವನ್ನು ಬಲ್ಲದು. ಇಂಗ್ಲಿಷ್ ಪಾಠ ಇದನ್ನು ಬಳಸಿಕೊಳ್ಳದೆ ಮೊದಲಿನಿಂದ ಆರಂಭಿಸುವುದು ದೊಡ್ಡ ನಷ್ಟ.

ಆದರೂ ಎಚ್ಚರ ಬೇಕು. ಏರ್ಪಾಡು ಒಂದೇ ಆದರೂ ದಿಕ್ಕು ಬೇರೆ. ಕನ್ನಡದಲ್ಲಿ ಕೂಡಿಸುವ ಪದ ಅಧೀನ ವಾಕ್ಯದ ಕೊನೆಯಲ್ಲಿ ಬರುತ್ತದೆ, ಇಂಗ್ಲಿಷಿನಲ್ಲಿ ಮೊದಲಿಗೆ ಬರುತ್ತದೆ. ಕನ್ನಡ ಅಧೀನ ವಾಕ್ಯದ ಕ್ರಿಯೆಯನ್ನು ಸಾಮಾನ್ಯವಾಗಿ ಅಪೂರ್ಣವಾಗಿಯೇ ಬಿಡುತ್ತದೆ, ಇಂಗ್ಲಿಷ್ ಅದನ್ನು ಪೂರ್ಣ ಮಾಡಿ ಎನ್ನುತ್ತದೆ. ಮಾದೇಶ್ವರನ ಕಥೆ ಹಾಡುವ ಕಂಸಾಳೆಯವರನ್ನು ಕೇಳಿದವರಿಗೆ ಇದು ಗೊತ್ತು. ಬಂದು, ನಿಂತು, ನೋಡಿ, ಕೇಳಿ ಎಂದು ಅಪೂರ್ಣ ಕ್ರಿಯೆಗಳ ಸರವನ್ನೇ ಎಳೆದು ಕೊನೆಗೊಂದು ಪೂರ್ಣ ಕ್ರಿಯೆಯಲ್ಲಿ ನಿಲ್ಲಿಸುತ್ತಾರೆ. ಮೂರು ಗಳಿಗೆಯ ಘಟನೆಯನ್ನು ಒಂದೇ ವಾಕ್ಯ ಹೊತ್ತು ನಿಲ್ಲುತ್ತದೆ, ಕೇಳುವವರು ಎಲ್ಲೂ ಎಡವುವುದಿಲ್ಲ. ಇಂಗ್ಲಿಷಿನಲ್ಲಿ ಅದೇ ಮಾತಿಗೆ ಐದು ಪೂರ್ಣ ಕ್ರಿಯಾಪದ ಬೇಕಾದೀತು.

ಹೀಗಿರುವಾಗ ಮೂರು ಉಪವಾಕ್ಯಗಳಲ್ಲಿ ಯಾವುದನ್ನು ಮೊದಲು ಕಲಿಸಬೇಕು? ಪುಸ್ತಕಗಳಲ್ಲಿ ನಾಮ, ವಿಶೇಷಣ, ಕ್ರಿಯಾವಿಶೇಷಣ ಎಂಬ ಅನುಕ್ರಮ ಇರುತ್ತದೆ. ನನ್ನ ಅಭಿಪ್ರಾಯದಲ್ಲಿ ನಮ್ಮ ಮಕ್ಕಳಿಗೆ ನಾಮ ಉಪವಾಕ್ಯ ಮೊದಲು, ಕ್ರಿಯಾವಿಶೇಷಣ ಎರಡನೆಯದು, ವಿಶೇಷಣ ಕೊನೆಯದು.

ನಾಮ ಉಪವಾಕ್ಯ ಮೊದಲು ಏಕೆಂದರೆ ಕನ್ನಡದಲ್ಲಿ ಅಧೀನ ವಾಕ್ಯದ ಕ್ರಿಯೆ ಪೂರ್ಣವಾಗಿಯೇ ಉಳಿಯುವುದು ಮುಖ್ಯವಾಗಿ ಇಲ್ಲಿ. ‘ನೀರು ಇಳಿದಿದೆ ಅಂತ ಅಪ್ಪ ಹೇಳಿದ’ ಎಂಬ ವಾಕ್ಯದಲ್ಲಿ ‘ಇಳಿದಿದೆ’ ಪೂರ್ಣ, ‘ಹೇಳಿದ’ ಪೂರ್ಣ, ನಡುವೆ ‘ಅಂತ’. ತಮಿಳಲ್ಲಿ ಅದೇ ಜಾಗಕ್ಕೆ ‘ಎನ್ಱು’ ಬರುತ್ತದೆ. ಇಂಗ್ಲಿಷಿಗೆ ಹೋಗುವಾಗ ‘ಅಂತ’ವನ್ನು ಕಿತ್ತು ‘ದಟ್’ ಎಂದು ಮುಂದಕ್ಕೆ ಇಟ್ಟರಾಯಿತು: ‘ಫಾದರ್ ಸೆಡ್ ದಟ್ ದಿ ವಾಟರ್ ಹ್ಯಾಡ್ ಗಾನ್ ಡೌನ್’. ಮುಖ್ಯ ಕ್ರಿಯೆ ಭೂತಕಾಲಕ್ಕೆ ಹೋದಾಗ ಅಧೀನ ಕ್ರಿಯೆಯೂ ಹಿಂದೆ ಸರಿಯುವುದು ಇಂಗ್ಲಿಷಿನ ಕಟ್ಟಳೆ, ಅದು ಕನ್ನಡದಲ್ಲಿಲ್ಲ. ಇಷ್ಟನ್ನು ಮಾತ್ರ ಹೊಸದಾಗಿ ಕಲಿಸಬೇಕು. ಪದಗುಚ್ಛದಿಂದ ಹೊರಟರೆ ಹೀಗೆ: ‘ಎವ್ರಿವನ್ ನೋಸ್ ದಿ ಡೆಪ್ತ್ ಆಫ್ ದಿ ರಿವರ್’. ಹೊಳೆಯ ಆಳ ಎಲ್ಲರಿಗೂ ಗೊತ್ತು. ಇದನ್ನು ಬಿಡಿಸಿ ‘ಹೊಳೆ ಎಷ್ಟು ಆಳ ಇದೆ ಅಂತ ಎಲ್ಲರಿಗೂ ಗೊತ್ತು’ ಎಂದು ಮೊದಲು ಕನ್ನಡದಲ್ಲಿ ಹೇಳಿಸಬೇಕು. ಆಮೇಲೆ ‘ಎವ್ರಿವನ್ ನೋಸ್ ಹೌ ಡೀಪ್ ದಿ ರಿವರ್ ಈಸ್’. ಇಲ್ಲಿ ಬಹುಪಾಲು ಮಕ್ಕಳು ‘ಹೌ ಡೀಪ್ ಈಸ್ ದಿ ರಿವರ್’ ಎಂದು ಬರೆಯುತ್ತಾರೆ, ಏಕೆಂದರೆ ಪ್ರಶ್ನೆಯಲ್ಲಿ ಕ್ರಿಯಾಪದ ಮುಂದೆ ಬರಬೇಕು ಎಂದು ಹಿಂದಿನ ಪಾಠದಲ್ಲಿ ಕಲಿತಿರುತ್ತಾರೆ. ಉಪವಾಕ್ಯದೊಳಗೆ ಹೋದ ಪ್ರಶ್ನೆ ಪ್ರಶ್ನೆಯಾಗಿ ಉಳಿಯುವುದಿಲ್ಲ, ಅದು ಹೇಳಿಕೆಯ ಸಾಲಿಗೆ ಬರುತ್ತದೆ. ಇನ್ನೊಂದು ತಪ್ಪು ‘ಹಿ ಆಸ್ಕ್ಡ್ ದಟ್ ವಾಟ್ ಈಸ್ ಯುವರ್ ನೇಮ್’ ಎಂಬುದು. ಕನ್ನಡದಲ್ಲಿ ಪ್ರಶ್ನೆಪದವೂ ‘ಅಂತ’ವೂ ಎರಡೂ ಬರುತ್ತವೆ, ಇಂಗ್ಲಿಷಿನಲ್ಲಿ ಎರಡರಲ್ಲಿ ಒಂದೇ. ತಪ್ಪು ಎಲ್ಲಿಂದ ಬಂತು ಎಂದು ತಿಳಿದ ಶಿಕ್ಷಕರು ಬರೀ ಕೆಂಪು ಗೆರೆ ಎಳೆದು ಸುಮ್ಮನಾಗುವುದಿಲ್ಲ.

ಕ್ರಿಯಾವಿಶೇಷಣ ಉಪವಾಕ್ಯದಲ್ಲಿ ಕನ್ನಡದ ಪ್ರತ್ಯಯಕ್ಕೂ ಇಂಗ್ಲಿಷಿನ ಕೂಡಿಸುಪದಕ್ಕೂ ಹೆಚ್ಚುಕಡಿಮೆ ನೇರ ಸಂಬಂಧವಿದೆ. ‘ಆಗ’ ಎಂದರೆ ‘ವೆನ್’, ‘ಮೇಲೆ’ ಎಂದರೆ ‘ಆಫ್ಟರ್’, ‘ತನಕ’ ಎಂದರೆ ‘ಟಿಲ್’, ‘ಅರೆ’ ಎಂದರೆ ‘ಇಫ್’, ‘ಅರೂ’ ಎಂದರೆ ‘ದೋ’, ‘ಹಾಗೆ’ ಎಂದರೆ ‘ಆ್ಯಸ್’. ಮೆಟ್ಟೂರಿನ ಮಗುವಿಗೆ ದೂರದ ಉದಾಹರಣೆ ಬೇಡ. ಕಾವೇರಿ ನದಿಮುಖಜ ಭೂಮಿಯ ಬೇಸಾಯಕ್ಕೆ ಅಣೆಕಟ್ಟೆಯಿಂದ ನೀರು ಬಿಡುವ ವಾಡಿಕೆಯ ದಿನ ಜೂನ್ 12. ‘ಆನ್ ದಿ ಓಪನಿಂಗ್ ಆಫ್ ದಿ ಗೇಟ್ಸ್, ದಿ ಫಾರ್ಮರ್ಸ್ ಬಿಗಿನ್ ದೇರ್ ವರ್ಕ್’. ಇದರಲ್ಲಿ ಅಡಗಿರುವ ಕ್ರಿಯೆ ಯಾವುದು? ತೆರೆಯುವುದು. ಏನನ್ನು? ತೂಬುಗಳನ್ನು. ಕನ್ನಡದಲ್ಲಿ ‘ತೂಬು ತೆರೆದಾಗ’. ಇಂಗ್ಲಿಷಿನಲ್ಲಿ ‘ವೆನ್ ದಿ ಗೇಟ್ಸ್ ಆರ್ ಓಪನ್ಡ್’. ಯಾರು ತೆರೆದರು ಎಂದು ಮೂಲದಲ್ಲಿ ಇಲ್ಲದ ಕಾರಣ ಕರ್ಮಣಿ ಪ್ರಯೋಗ ಬಂತು. ‘ಇನ್ ಸ್ಪೈಟ್ ಆಫ್ ದಿ ಹೆವಿ ರೇನ್’ ಎಂಬುದರಲ್ಲಿ ಅಡಗಿರುವುದು ಮಳೆ ಸುರಿಯುವ ಕ್ರಿಯೆ: ‘ಜೋರು ಮಳೆ ಬಂದರೂ’, ‘ದೋ ಇಟ್ ರೇನ್ಡ್ ಹೆವಿಲಿ’. ಇಲ್ಲಿ ‘ಹೆವಿ’ ಎಂಬ ವಿಶೇಷಣ ‘ಹೆವಿಲಿ’ ಎಂಬ ಕ್ರಿಯಾವಿಶೇಷಣವಾಗುವುದನ್ನು ಮಕ್ಕಳು ಮರೆಯುತ್ತಾರೆ. ನಾಮಪದ ಕ್ರಿಯಾಪದವಾದ ಮೇಲೆ ಅದರ ಜೊತೆಗಿದ್ದ ಪದವೂ ಬದಲಾಗಲೇಬೇಕು.

ಷರತ್ತಿನ ಮಾತಿನಲ್ಲಿ ಒಂದು ಗುಂಡಿಯಿದೆ. ‘ಬಂದರೆ’ ಎಂಬುದು ನಾಳೆಯ ಮಾತಾದರೂ ರೂಪದಲ್ಲಿ ಭೂತಕಾಲದ ಗುರುತು ಹೊತ್ತಿದೆ, ತಮಿಳಿನ ‘ವಂದಾಲ್’ ಕೂಡ ಹಾಗೆಯೇ. ಇಂಗ್ಲಿಷಿನಲ್ಲಿ ಅಲ್ಲಿಗೆ ವರ್ತಮಾನ ಬೇಕು: ‘ಇಫ್ ಹಿ ಕಮ್ಸ್’. ಅರ್ಥದಲ್ಲಿ ಭವಿಷ್ಯ, ತಾಯ್ನುಡಿಯ ರೂಪದಲ್ಲಿ ಭೂತ, ಇಂಗ್ಲಿಷಿನ ರೂಪದಲ್ಲಿ ವರ್ತಮಾನ. ಮೂರರ ನಡುವೆ ಸಿಕ್ಕಿದ ಮಗು ‘ಇಫ್ ಹಿ ವಿಲ್ ಕಮ್’ ಎಂದು ಬರೆದರೆ ಅದು ದಡ್ಡತನವಲ್ಲ. ‘ಬರದಿದ್ದರೆ’ ಎಂಬುದಕ್ಕೆ ‘ಅನ್‌ಲೆಸ್ ಹಿ ಡಸ್ ನಾಟ್ ಕಮ್’ ಎಂದು ನಿಷೇಧವನ್ನು ಎರಡು ಸಲ ಬರೆಯುವುದೂ, ‘ದೋ’ ಹಾಕಿದ ಮೇಲೆ ಮತ್ತೆ ‘ಬಟ್’ ಹಾಕುವುದೂ ಇದೇ ಜಾತಿಯ ತಪ್ಪುಗಳು.

ವಿಶೇಷಣ ಉಪವಾಕ್ಯದ ಬಳಿ ಹೆಚ್ಚು ಹೊತ್ತು ನಿಲ್ಲಬೇಕು. ದ್ರಾವಿಡ ಭಾಷೆಗಳಿಗೂ ಇಂಗ್ಲಿಷಿಗೂ ನಡುವಿನ ದೊಡ್ಡ ಕಂದರ ಇರುವುದು ಇಲ್ಲಿಯೇ. ತಿರುನೆಲ್ವೇಲಿ ಸೀಮೆಯಲ್ಲಿ ಬಾಳಿದ ರಾಬರ್ಟ್ ಕಾಲ್ಡ್‌ವೆಲ್ ತನ್ನ 1856ರ ತೌಲನಿಕ ವ್ಯಾಕರಣದಲ್ಲಿ ದ್ರಾವಿಡ ಭಾಷೆಗಳಿಗೆ ‘ಹೂ’, ‘ವಿಚ್’ ಮಾದರಿಯ ಸಂಬಂಧ ಸರ್ವನಾಮ ಇಲ್ಲವೆಂದೂ ಅದರ ಕೆಲಸವನ್ನು ಕೃದಂತವೇ ಮಾಡುತ್ತದೆಂದೂ ವಿವರಿಸಿದ. ನಮಗೆ ಅದು ಕೊರತೆಯಲ್ಲ. ‘ಮೀನು ಹಿಡಿದ ಹುಡುಗ’, ‘ಹುಡುಗ ಹಿಡಿದ ಮೀನು’, ‘ಮೀನು ಹಿಡಿದ ಬಲೆ’, ‘ಮೀನು ಹಿಡಿದ ಜಾಗ’, ‘ಮೀನು ಹಿಡಿದ ದಿನ’. ಐದು ಕಡೆಯೂ ‘ಹಿಡಿದ’ ಒಂದೇ. ಹುಡುಗ ಹಿಡಿದವನು, ಮೀನು ಹಿಡಿಸಿಕೊಂಡದ್ದು, ಬಲೆಯಿಂದ ಹಿಡಿದದ್ದು, ಜಾಗದಲ್ಲಿ ಹಿಡಿದದ್ದು. ಈ ಸಂಬಂಧವನ್ನು ಕನ್ನಡ ಬಾಯಿಬಿಟ್ಟು ಹೇಳುವುದಿಲ್ಲ, ಕೇಳುವವರ ತಿಳಿವಳಿಕೆಗೆ ಬಿಡುತ್ತದೆ. ಇಂಗ್ಲಿಷ್ ಅದನ್ನು ಬಾಯಿಬಿಟ್ಟು ಹೇಳಲೇಬೇಕು ಎನ್ನುತ್ತದೆ: ‘ದಿ ಬಾಯ್ ಹೂ ಕಾಟ್ ದಿ ಫಿಶ್’, ‘ದಿ ಫಿಶ್ ವಿಚ್ ದಿ ಬಾಯ್ ಕಾಟ್’, ‘ದಿ ನೆಟ್ ವಿತ್ ವಿಚ್ ಹಿ ಕಾಟ್ ಇಟ್’, ‘ದಿ ಪ್ಲೇಸ್ ವೇರ್ ಹಿ ಕಾಟ್ ಇಟ್’, ‘ದಿ ಡೇ ವೆನ್ ಹಿ ಕಾಟ್ ಇಟ್’. ನಾವು ‘ಹಿಡಿದ’ ಎಂಬ ಒಂದರಲ್ಲಿ ಮುಗಿಸುವುದಕ್ಕೆ ಅಲ್ಲಿ ಐದು ಪದ. ಮಗು ಎಲ್ಲ ಕಡೆಗೂ ‘ವಿಚ್’ ಹಾಕಿದರೆ ಅದರ ಕಾರಣ ಇದು.

ಪರಿಹಾರ ತಾಯ್ನುಡಿಯಲ್ಲೇ ಇದೆ. ‘ಮೀನು ಹಿಡಿದ ಬಲೆ’ ಎಂಬುದನ್ನು ಎರಡು ವಾಕ್ಯಗಳಾಗಿ ಒಡೆಯಲು ಹೇಳಿ: ‘ಇದು ಬಲೆ. ಇದರಿಂದ ಮೀನು ಹಿಡಿದ’. ಎರಡನೆಯ ವಾಕ್ಯದಲ್ಲಿ ಬಲೆಗೆ ಯಾವ ವಿಭಕ್ತಿ ಬಂತು? ‘ಇಂದ’ ಬಂತು. ಆ ‘ಇಂದ’ವೇ ಇಂಗ್ಲಿಷಿನಲ್ಲಿ ‘ವಿಚ್’ಗೆ ಮುಂಚೆ ‘ವಿತ್’ ಆಗಿ ನಿಲ್ಲುತ್ತದೆ. ‘ಅಲ್ಲಿ’ ಬಂದರೆ ‘ವೇರ್’ ಅಥವಾ ‘ಇನ್ ವಿಚ್’. ‘ಇಗೆ’ ಬಂದರೆ ‘ಟು ಹೂಮ್’. ‘ಅ’ ಎಂಬ ಷಷ್ಠಿ ಬಂದರೆ ‘ಹೂಸ್’. ಕನ್ನಡ ಶಾಲೆಯಲ್ಲಿ ಪ್ರಥಮಾ, ದ್ವಿತೀಯಾ ಎಂದು ಉರುಹೊಡೆದ ವಿಭಕ್ತಿಗಳು, ತಮಿಳು ಶಾಲೆಯಲ್ಲಿ ಎಂಟು ವೇಟ್ರುಮೈ ಎಂದು ಉರುಹೊಡೆದವು, ಇಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತವೆ.

ಎಲ್ಲವನ್ನೂ ಒಂದೇ ದಿನ ತುರುಕಬಾರದು. 1977ರಲ್ಲಿ ಎಡ್ವರ್ಡ್ ಕೀನನ್ ಮತ್ತು ಬರ್ನಾರ್ಡ್ ಕಾಮ್ರಿ ಎಂಬ ವಿದ್ವಾಂಸರು ಲೋಕದ ಹಲವು ಭಾಷೆಗಳನ್ನು ಹೋಲಿಸಿ ಒಂದು ಶ್ರೇಣಿಯನ್ನು ಗುರುತಿಸಿದರು. ಕರ್ತೃವಿನ ಮೇಲೆ ವಿಶೇಷಣ ಉಪವಾಕ್ಯ ಕಟ್ಟುವುದು ಎಲ್ಲಕ್ಕಿಂತ ಸಲೀಸು, ಆಮೇಲೆ ಕರ್ಮ, ಆಮೇಲೆ ಸಂಪ್ರದಾನ, ಆಮೇಲೆ ಉಳಿದ ವಿಭಕ್ತಿಗಳು, ಷಷ್ಠಿ ಇನ್ನೂ ಕಷ್ಟ. ‘ಹೂ’ ಚೆನ್ನಾಗಿ ಕೂತ ಮೇಲೆ ‘ವಿಚ್’, ಕೊನೆಗೆ ‘ವಿತ್ ವಿಚ್’, ‘ಹೂಸ್’ ಎಂದು ಕಲಿಸುವವರಿಗೆ ಆ ಶ್ರೇಣಿ ದಾರಿ ತೋರಿಸುತ್ತದೆ.

ಇನ್ನೊಂದು ಬಗೆಯ ಪದಗುಚ್ಛಕ್ಕೂ ಉದಾಹರಣೆ ಊರಲ್ಲೇ ಇದೆ. ಮೆಟ್ಟೂರು ಅಣೆಕಟ್ಟೆ ಮುಗಿದದ್ದು 1934ರಲ್ಲಿ. ಕಾವೇರಿ ದಡದ ಹಳ್ಳಿಗಳು ನೀರಿನಡಿ ಹೋದವು. ಬೇಸಗೆಯಲ್ಲಿ ಜಲಾಶಯ ಬತ್ತಿದಾಗ ಪಣ್ಣವಾಡಿಯ ಬಳಿ ಹಳೆಯ ಗುಡಿಯ ನಂದಿಯೂ ಒಂದು ಚರ್ಚಿನ ಗೋಪುರಗಳೂ ಹೊರಗೆ ಕಾಣುತ್ತವೆ. ‘ದಿ ಟೆಂಪಲ್ ಅಂಡರ್ ದಿ ವಾಟರ್’ ಎಂಬ ಪದಗುಚ್ಛದಲ್ಲಿ ಕ್ರಿಯಾಪದವೇ ಇಲ್ಲ. ಅಡಗಿಯೂ ಇಲ್ಲ. ಇಂಥ ಕಡೆ ಇರುವ, ಬಿದ್ದಿರುವ, ಹೊಂದಿರುವ ಎಂಬರ್ಥದ ಕ್ರಿಯೆಯನ್ನು ನಾವೇ ತರಬೇಕು. ‘ನೀರಿನಡಿಯ ಗುಡಿ’ ಎಂಬುದನ್ನು ‘ನೀರಿನಡಿ ಇರುವ ಗುಡಿ’ ಎಂದು ಬಿಡಿಸಿದರೆ ಕ್ರಿಯೆ ಸಿಕ್ಕಿತು: ‘ದಿ ಟೆಂಪಲ್ ವಿಚ್ ಲೈಸ್ ಅಂಡರ್ ದಿ ವಾಟರ್’. ‘ಬಲೆಯವನು’ ಎಂಬುದು ‘ಬಲೆ ಇರುವವನು’ ಆಗಿ ‘ದಿ ಮ್ಯಾನ್ ಹೂ ಹ್ಯಾಸ್ ಎ ನೆಟ್’ ಆಗುತ್ತದೆ. ಊರಿನ ಗುಡಿಯನ್ನು, ಹೊಳೆಯನ್ನು, ಬಲೆಯನ್ನು ಹಿಡಿದು ಕಲಿತ ಮಗು ಪುಸ್ತಕದ ಯಾವ ವಾಕ್ಯ ಕೊಟ್ಟರೂ ಬಿಡಿಸುತ್ತದೆ.

ಇಂಗ್ಲಿಷ್ ಕಲಿಯುವ ನಾವು ಮಾತ್ರ ಹೀಗೆ ಒದ್ದಾಡಿದೆವು ಎಂದು ಭಾವಿಸಬೇಕಾಗಿಲ್ಲ. ಹತ್ತೊಂಬತ್ತನೆಯ ಶತಮಾನದಿಂದೀಚೆಗೆ ಕನ್ನಡ ಕಲಿಯಲು ಬಂದ ಇಂಗ್ಲಿಷರಿಗೆ ಇದೇ ಪರೀಕ್ಷೆ ತಲೆಕೆಳಗಾಗಿ ಬಂದಿತ್ತು. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಅಚ್ಚಾಯಿತು, ಕಿಟೆಲ್ಲರದು 1903ರಲ್ಲಿ. ಈ ಪುಸ್ತಕಗಳನ್ನು ಓದಿದವರು ತಮ್ಮ ಉಪವಾಕ್ಯಗಳನ್ನೆಲ್ಲ ಮಡಿಸಿ ಕೃದಂತ ಮಾಡುವುದನ್ನು ಕಲಿಯಬೇಕಿತ್ತು. ಮಡಿಸಲು ಬಾರದ ಕಡೆ ‘ಯಾವನು ಬರುತ್ತಾನೋ ಅವನು’ ಎಂಬ ಜೋಡಿವಾಕ್ಯ ಕೈಗೆ ಸಿಕ್ಕಿತು. ಅದು ಕನ್ನಡಕ್ಕೆ ಹೊಸದೇನಲ್ಲ, ಆದರೆ ಅನುವಾದದಲ್ಲಿ ಅದರ ಬಳಕೆ ಅತಿಯಾಯಿತು. ಇಂದಿಗೂ ನಮ್ಮ ಸರ್ಕಾರಿ ಅಧಿಸೂಚನೆಗಳು ‘ಯಾವುದೇ ವ್ಯಕ್ತಿಯು... ಅಂಥ ವ್ಯಕ್ತಿಯು’ ಎಂದು ಓಡಾಡುವುದು ಇಂಗ್ಲಿಷಿನ ವಿಶೇಷಣ ಉಪವಾಕ್ಯವನ್ನು ಮಡಿಸದೆ ಹಾಗೇ ತಂದದ್ದರಿಂದ.

ಜನ ಒಟ್ಟಿಗೆ ಬಾಳಿದ ಕಡೆ ವಾಕ್ಯದ ಕಟ್ಟೋಣವೇ ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟುವುದೂ ಉಂಟು. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಕುಪ್ವಾರ್ ಎಂಬ ಹಳ್ಳಿಯ ಕನ್ನಡ, ಮರಾಠಿ, ಉರ್ದು ಮಾತುಗಳನ್ನು ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ವಿವರಿಸಿದರು. ಪದಗಳು ಬೇರೆಬೇರೆ, ವಾಕ್ಯದ ಕಟ್ಟು ಹೆಚ್ಚುಕಡಿಮೆ ಒಂದೇ. ಕರಾವಳಿ ಕರ್ನಾಟಕದ ಕೊಂಕಣಿ ಕನ್ನಡದ ಸಹವಾಸದಲ್ಲಿ ತನ್ನ ಜೋಡಿವಾಕ್ಯವನ್ನು ಬಿಟ್ಟು ನಮ್ಮ ಕೃದಂತ ಮಾದರಿಯ ಕಡೆ ವಾಲುತ್ತಿರುವುದನ್ನು ಮಂಗೇಶ ನಾಡಕರ್ಣಿ 1975ರ ಒಂದು ಪ್ರಬಂಧದಲ್ಲಿ ತೋರಿಸಿದರು. ಎರಡು ಮಾತುಗಳನ್ನು ಬಲ್ಲವರು ಒಂದರ ಮೂಲಕ ಇನ್ನೊಂದನ್ನು ನೋಡುವುದು ಸಹಜ. ಶಾಲೆ ಅದಕ್ಕೆ ಅಡ್ಡಿಯಾಗಬಾರದು.

ಆದರೆ ಶಾಲೆಯಲ್ಲಿ ನಡೆಯುವುದೇನು? ತಮಿಳು ಪಾಠದಲ್ಲಿ ಪೆಯರೆಚ್ಚಂ ಹೇಳಿಕೊಡುತ್ತಾರೆ. ಗಂಟೆ ಹೊಡೆಯುತ್ತದೆ, ಇಂಗ್ಲಿಷ್ ಪಾಠ ಆರಂಭವಾಗುತ್ತದೆ, ವಿಶೇಷಣ ಉಪವಾಕ್ಯ ಹೇಳಿಕೊಡುತ್ತಾರೆ. ಎರಡೂ ಒಂದೇ ಎಂಬ ಮಾತು ಎರಡು ಪಾಠಗಳ ನಡುವೆ ಎಲ್ಲೂ ಬರುವುದಿಲ್ಲ. ಕನ್ನಡವಂತೂ ಪಾಲಮಲೆಯ ತಪ್ಪಲಲ್ಲಿ ತರಗತಿಯೊಳಗೆ ಕಾಲಿಡುವುದೇ ಅಪರೂಪ. ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಸುವ ಸೌಲಭ್ಯ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ 1956ರಿಂದಲೂ ಹೇಳುತ್ತ ಬಂದಿದೆ. ತಮಿಳುನಾಡು 2006ರಲ್ಲಿ ತಮಿಳು ಕಲಿಕೆಯನ್ನು ಕಡ್ಡಾಯ ಮಾಡುವ ಕಾನೂನು ತಂದ ಮೇಲೆ ಭಾಷಾ ಅಲ್ಪಸಂಖ್ಯಾತರ ಶಾಲೆಗಳು ವಿನಾಯಿತಿಗಾಗಿ ನ್ಯಾಯಾಲಯಕ್ಕೆ ಹೋಗಬೇಕಾಯಿತು. ಹೊಸೂರು, ತಾಳವಾಡಿ ಕಡೆ ಕನ್ನಡ ಶಾಲೆಗಳಿವೆ. ಮೆಟ್ಟೂರು ಕಡೆಯ ಕನ್ನಡದ ಮಕ್ಕಳು ಬಹುಪಾಲು ತಮಿಳಲ್ಲೇ ಓದುತ್ತಾರೆ. ತಮಿಳು ಕಲಿಯುವುದು ಅವರಿಗೆ ಒಳ್ಳೆಯದೇ, ಈ ಲೇಖನದಲ್ಲಿ ತಮಿಳಿನಿಂದ ಸಿಕ್ಕ ನೆರವನ್ನು ಓದುಗರು ನೋಡಿದ್ದೀರಿ. ಕನ್ನಡ ಬಿಟ್ಟುಹೋಗುವುದಷ್ಟೇ ಕೆಡುಕು.

ನನ್ನ ಬೇಡಿಕೆ ದೊಡ್ಡದಲ್ಲ. ಕನ್ನಡ, ತಮಿಳು, ಇಂಗ್ಲಿಷ್ ಮೂರನ್ನೂ ಅಕ್ಕಪಕ್ಕದ ಅಂಕಣಗಳಲ್ಲಿಟ್ಟು ವಾಕ್ಯ ಪರಿವರ್ತನೆ ಕಲಿಸುವ ಒಂದು ಸಣ್ಣ ಕೈಪಿಡಿ ಬೇಕು. ನೂರು ಪುಟ ಸಾಕು. ಉದಾಹರಣೆಗಳು ಮೆಟ್ಟೂರು, ಪೆಣ್ಣಾಗರ, ಹೊಗೇನಕಲ್, ಹೊಸೂರಿನವೇ ಇರಲಿ. ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಇಂಥದ್ದನ್ನು ಅಚ್ಚು ಹಾಕಿಸಿ ಗಡಿಯಾಚೆಯ ಶಾಲೆಗಳಿಗೆ ತಲುಪಿಸಲಿ. ಪುಸ್ತಕ ಬರುವ ತನಕ ಅಲ್ಲಿನ ಇಂಗ್ಲಿಷ್ ಶಿಕ್ಷಕರಲ್ಲಿ ಒಂದು ವಿನಂತಿ: ವಿಶೇಷಣ ಉಪವಾಕ್ಯದ ಪಾಠದ ದಿನ ಹಲಗೆಯ ಮೇಲೆ ‘ಬಂದ ಹುಡುಗ’, ‘ವಂದ ಪೈಯನ್’, ‘ದಿ ಬಾಯ್ ಹೂ ಕೇಮ್’ ಈ ಮೂರನ್ನೂ ಒಂದರ ಕೆಳಗೊಂದು ಬರೆಯಿರಿ. ಮುಂದಿನ ಉದಾಹರಣೆಯನ್ನು ಮಕ್ಕಳ ಬಾಯಿಂದಲೇ ಹೇಳಿಸಿ.